ಗ್ರಾಚ್ಯುಟಿ ಪೂರ್ತಿ ಕೊಟ್ಟೆವು

ಫೆಬ್ರವರಿ ೧೦

ಪ್ರೀತಿಯ ಅತ್ತೆ,

ನಿಮ್ಮ ಏಳು ಲಕೋಟೆಗಳು ನಿನ್ನೆ ಸಂಜೆ ಬಂದು ಸೇರಿದವು. ಚಪ್ಪಲಿ ಬಿಡುವಷ್ಟೂ ತಾಳ್ಮೆಯಿಲ್ಲದೆ ಬಾಗಿಲಲ್ಲೇ ನಿಂತು ಕಟ್ಟು ಬಿಚ್ಚಿದೆ. ಒಂದೊಂದರ ಮೇಲೂ ನಿಮ್ಮ ದುಂಡಗಿನ ಅಕ್ಷರದಲ್ಲಿ ‘ಮೊದಲನೆಯ ದಿನ’, ‘ಎರಡನೆಯ ದಿನ’ ಎಂದು ಬರೆದು ಒಳಗೆ ಅಳೆದಿಟ್ಟ ಹಾಗೆ ಒಂದೇ ಸಮ ಹಣ. ಏಳನೆಯದರಲ್ಲಿ ಮಾತ್ರ ಸ್ವಲ್ಪ ಹೆಚ್ಚು. ಅದರ ಮೇಲೆ ‘ಕೊನೆಯ ದಿನ ಮನಸ್ಸು ಮಾತು ಕೇಳುವುದಿಲ್ಲ’ ಎಂದು ಬರೆದಿದ್ದೀರಲ್ಲ, ಓದಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಹಡಗನ್ನೇ ಹತ್ತದ ನಿಮಗೆ ಹಡಗಿನ ಕೊನೆಯ ದಿನದ ಮನಸ್ಸು ಹೇಗೆ ಗೊತ್ತು?

ಮದುವೆಯಾಗಿ ಇಪ್ಪತ್ಮೂರು ದಿನ. ಅಷ್ಟರಲ್ಲೇ ನಿಮ್ಮ ಮಗನಿಗೆ ಕಂಪನಿಯ ಲಕ್ಕಿ ಡ್ರಾದಲ್ಲಿ ಹಡಗಿನ ಪ್ರವಾಸ ಬರುವುದೆಂದರೆ! ಲಿಫ್ಟ್ ರಿಪೇರಿ ಮಾಡುವ ಕಂಪನಿಯವರು ತಮ್ಮ ಮೆಕ್ಯಾನಿಕ್ಕುಗಳಿಗೆ ಹೀಗೆಲ್ಲ ಕೊಡುತ್ತಾರೆಂದು ನನಗೆ ತಿಳಿದೇ ಇರಲಿಲ್ಲ. ನನ್ನ ಕನ್ನಡಕದ ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಕೊಡುವುದು ಗಾಜು ಒರೆಸುವ ಬಟ್ಟೆ.

ಹಡಗಿನವರು ಭದ್ರತೆಗೆಂದು ಒಂದು ಬ್ಯಾಂಕ್ ಕಾರ್ಡು ಕೇಳಿದರು. ಇವರು ಕೊಟ್ಟರು. “ಯಾವ ಕಾರ್ಡು ರೀ? ನಿಮ್ಮದರಲ್ಲಿ ಅಷ್ಟೆಲ್ಲಿದೆ?” ಎಂದು ಕೇಳಿದರೆ “ಇದೆ ಬಿಡೇ, ನೀನು ಬಟ್ಟೆ ಮಡಚು” ಎಂದರು. ಮಡಚಿದೆ. ಇವರು ಮತ್ತೆ ಬಿಚ್ಚಿ, ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಮಡಚಿದವರ ಮಗ ಎಂದು ಎದೆ ತಟ್ಟಿಕೊಂಡು ತಾವೇ ಮಡಚಿದರು. ನಿಜವಾಗಿಯೂ ಪೆಟ್ಟಿಗೆಯಲ್ಲಿ ಅರ್ಧ ಜಾಗ ಉಳಿಯಿತು!

ನಿಮ್ಮ ಇಸ್ತ್ರಿ ಅಂಗಡಿ ಏನಾಯಿತು? ಮಾರ್ಚ್ ಒಂದಕ್ಕೆ ಉಳಿದ ಹಣ ಕಟ್ಟಿದರೆ ಬೀಗದ ಕೈ ನಿಮ್ಮದು ಎಂದಿದ್ದಿರಿ. ನಿವೃತ್ತಿಯಾಗಿ ಮೂರು ತಿಂಗಳಿಗೇ ಸ್ವಂತ ಅಂಗಡಿ! ಬಾಗಿಲು ತೆಗೆಯುವ ದಿನ ನಾನು ರಜೆ ಹಾಕಿ ಬರುತ್ತೇನೆ.

ಹೇಗೆ ಥ್ಯಾಂಕ್ಸ್ ಹೇಳಲಿ? ಏಳು ಲಕೋಟೆಗೂ ಏಳು ಥ್ಯಾಂಕ್ಸ್.

ನಿಮ್ಮ ಇಪ್ಪತ್ಮೂರು ದಿನದ ಸೊಸೆ


ಫೆಬ್ರವರಿ ೧೩

ಮಗಳೇ,

ನಿನ್ನ ಕಾಗದ ಓದಿದರೆ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿರುತ್ತದೆ. ನಡುವೆ ಉಸಿರು ತೆಗೆದುಕೊ.

ಒಂದು ಮಾತು. ಬಟ್ಟೆ ಕೋಣೆಯಲ್ಲಿ ಬೆಳಿಗ್ಗೆ ಇಷ್ಟು ಚಾದರ ಹೊರಗೆ ಹೋಯಿತು, ಸಂಜೆ ಇಷ್ಟು ಒಳಗೆ ಬಂತು ಎಂದು ಎಣಿಸದೆ ನಾವು ಬಾಗಿಲು ಹಾಕುತ್ತಿರಲಿಲ್ಲ. ಕಾಣೆಯಾದ ದಿಂಬಿನ ಚೀಲವನ್ನು ಅವತ್ತೇ ಹುಡುಕಿದರೆ ಸಿಗುತ್ತದೆ. ಮೂರು ದಿನ ಬಿಟ್ಟು ಹುಡುಕಿದರೆ ಜಗಳ ಮಾತ್ರ ಸಿಗುತ್ತದೆ. ಹಣವೂ ಹಾಗೇ. ಸಂಜೆ ಊಟಕ್ಕೆ ಮೊದಲು ಎಣಿಸಿಬಿಡು. ಆಮೇಲೆ ನಿಶ್ಚಿಂತೆಯಿಂದ ತಿನ್ನು.

ಹಡಗಿನಿಂದ ಫೋನು ಮಾಡಬೇಡಿ. ನಿಮಿಷಕ್ಕೆ ಇಷ್ಟು ಎಂದು ಕೀಳುತ್ತಾರಂತೆ. ಹಡಗು ನಿಂತ ಕಡೆಯಿಂದ ಕಾಗದ ಹಾಕು. ನನಗೆ ಅದೇ ಇಷ್ಟ, ಎರಡು ಸಲ ಓದಬಹುದು.

ಅಂಗಡಿಯ ಮುಂಗಡ ಕೊಟ್ಟಾಗಿದೆ. ಉಳಿದದ್ದೂ ತೆಗೆದಿಟ್ಟಿದೆ. ಅದರ ಯೋಚನೆ ನಿನಗೆ ಬೇಡ.

ಆಶೀರ್ವಾದಗಳೊಂದಿಗೆ,
ಅತ್ತೆ


ಫೆಬ್ರವರಿ ೧೮, ಹಡಗಿನಿಂದ

ಅತ್ತೆ, ಅತ್ತೆ, ಅತ್ತೆ,

ಈ ಹಡಗಿನಲ್ಲಿ ದುಡ್ಡು ನಡೆಯುವುದೇ ಇಲ್ಲ!

ಮೊದಲನೆಯ ದಿನ ಜಂಬದಿಂದ ನಿಮ್ಮ ಲಕೋಟೆ ತೆಗೆದು ಕಾಫಿಗೆ ನೋಟು ಚಾಚಿದೆ. ಕಾಫಿ ಕೊಡುವವನು ಆ ನೋಟನ್ನು ವಸ್ತುಸಂಗ್ರಹಾಲಯದ ನಾಣ್ಯದಂತೆ ನೋಡಿ, ನಗದು ತೆಗೆದುಕೊಳ್ಳುವುದಿಲ್ಲ ಎಂದ. ಕೋಣೆಯ ಬೀಗ ತೆಗೆಯಲು ಒಂದು ಕಾರ್ಡು ಕೊಡುತ್ತಾರೆ, ಎಲ್ಲ ಕಡೆಯೂ ಅದೇ ದುಡ್ಡು. ತೋರಿಸಿದರೆ ‘ಟುಂಯ್’ ಎನ್ನುತ್ತದೆ. ಅಷ್ಟೇ! ಕೈಯಿಂದ ಏನೂ ಹೋಗುವುದಿಲ್ಲ. ಕಾಫಿ ಟುಂಯ್. ಐಸ್‌ಕ್ರೀಮ್ ಟುಂಯ್. ಬಿಸಿಲ ಟೋಪಿ ಟುಂಯ್. ಹಡಗಿನ ಫೋಟೋದವನು ಮೆಟ್ಟಿಲ ಬಳಿ ನಿಲ್ಲಿಸಿ ಒಂದು ಫೋಟೋ ತೆಗೆದ, ಅದೂ ಟುಂಯ್.

ಸಂಜೆ ನೀವು ಹೇಳಿದಂತೆ ಎಣಿಸೋಣವೆಂದು ಕೆಳಗಿನ ಕೌಂಟರಿಗೆ ಹೋಗಿ ನಮ್ಮ ಖಾತೆಯ ಚೀಟಿ ಕೇಳಿ ತಂದೆ. ಮೊದಲನೆಯ ದಿನದ ಲಕೋಟೆ ಪೂರ್ತಿ, ಎರಡನೆಯದು ಪೂರ್ತಿ, ಮೂರನೆಯದರಲ್ಲಿ ಕಾಲು ಭಾಗ ಒಂದೇ ದಿನಕ್ಕೆ ಹೋಗಿತ್ತು! ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ, ಅತ್ತೆ. (ಈ ಸಾಲನ್ನು ಇವರಿಗೆ ಓದಿ ಹೇಳಿದರೆ “ಒಬ್ಬಳು ಅತ್ತೆ ಸಾಲದಾ?” ಎಂದು ನಗುತ್ತಿದ್ದಾರೆ. ಆಗ ಮಾತ್ರ ನಗಲಿಲ್ಲ. ಬಾಗಿಲ ಹೊರಗೆ ನಿಂತು “ಟೋಪಿ ವಾಪಸ್ ತಗೋತಾರಂತೆ ಕಣೇ, ಬಾ ಆಚೆ” ಎಂದರು.)

ಟೋಪಿ ವಾಪಸ್ ಕೊಟ್ಟೆವು. ಫೋಟೋ ಕೊಡಲು ಮನಸ್ಸು ಬರಲಿಲ್ಲ. ಅದರಲ್ಲಿ ನಿಮ್ಮ ಮಗ ಹಲ್ಲು ಬಿಟ್ಟು ನಕ್ಕಿದ್ದಾರೆ. ಮದುವೆಯ ಒಂದು ಫೋಟೋದಲ್ಲೂ ಹಾಗೆ ನಕ್ಕಿಲ್ಲ.

ಎರಡನೆಯ ದಿನದಿಂದ ಹೊಸ ಪದ್ಧತಿ. ಎಲ್ಲೇ ಟುಂಯ್ ಎಂದರೂ ಕೋಣೆಗೆ ಬಂದ ಕೂಡಲೇ ಅಷ್ಟೇ ಹಣವನ್ನು ಲಕೋಟೆಯಿಂದ ತೆಗೆದು ಇವರ ಕಾಲುಚೀಲಕ್ಕೆ ಹಾಕುತ್ತೇನೆ. ಆ ಕೆಳಗಿನ ಕೌಂಟರಿನಲ್ಲಿ ಮಾತ್ರ ನಗದು ತೆಗೆದುಕೊಳ್ಳುತ್ತಾರಂತೆ. ಇಳಿಯುವ ದಿನ ಕಾಲುಚೀಲ ಸುರಿದು ಲೆಕ್ಕ ತೀರಿಸಿಬಿಟ್ಟರೆ ಬ್ಯಾಂಕಿನ ಕಾರ್ಡು ಮುಟ್ಟುವ ಹಾಗೇ ಇಲ್ಲ.

“ನನ್ನ ಕಾಲುಚೀಲಾನೇ ಬೇಕಿತ್ತಾ?” ಎಂದರು.

“ನನ್ನದು ತೂತು. ನಿಮ್ಮದಕ್ಕೆ ನಿಮ್ಮಮ್ಮ ಹೊಲಿಗೆ ಹಾಕಿ ಕಳಿಸಿದ್ದಾರೆ.”

ಇನ್ನೊಂದು. ವಾರವಿಡೀ ಎಷ್ಟು ಬೇಕಾದರೂ ಜ್ಯೂಸ್ ಕುಡಿಯುವ ಪ್ಯಾಕೇಜನ್ನು ಒಬ್ಬಳು ನಗುನಗುತ್ತಾ ಮಾರಲು ಬಂದಳು. ನಾನು ತಲೆಯಾಡಿಸಿಯೇ ಬಿಟ್ಟಿದ್ದೆ. ಇವರು ಚೀಟಿಯ ಹಿಂದೆ ಲೆಕ್ಕ ಹಾಕಿ, ಹಾಕಿದ ಹಣ ಹುಟ್ಟಬೇಕಾದರೆ ದಿನಕ್ಕೆ ಹನ್ನೊಂದು ಲೋಟ ಕುಡಿಯಬೇಕು ಎಂದರು. “ಹನ್ನೊಂದು ಲೋಟ ಕುಡಿದ್ರೆ ನಾವು ಸಮುದ್ರ ನೋಡಲ್ಲ ಕಣೇ, ಬಚ್ಚಲುಮನೆ ನೋಡ್ಕೊಂಡು ಬರ್ತೀವಿ.” ಪಕ್ಕದ ಮೇಜಿನವರೆಲ್ಲ ತಿರುಗಿ ನೋಡುವಷ್ಟು ನಕ್ಕೆವು. ಈಗ ತಿಂಡಿಯ ಜೊತೆ ಪುಕ್ಕಟೆ ಸಿಗುವ ಚಹಾ, ಬಾಟಲಿಗೆ ತುಂಬಿಕೊಂಡ ನೀರು. ಹಡಗಿನವರು ಊರು ತೋರಿಸಲು ಕೇಳುವ ಹಣದಲ್ಲಿ ಊರನ್ನೇ ಕೊಳ್ಳಬಹುದು, ಅದಕ್ಕೆ ಊರ ಬಸ್ಸು ಹತ್ತಿ ತಿರುಗುತ್ತೇವೆ.

ನಮ್ಮ ಕೋಣೆ ನೋಡಿಕೊಳ್ಳುವವಳಿಗೆ ನಾನು ಟವೆಲ್ ಅಕ್ಕ ಎಂದು ಹೆಸರಿಟ್ಟಿದ್ದೇನೆ. ದಿನಾ ಟವೆಲನ್ನು ಮಡಚಿ ಒಂದು ದಿನ ಹಂಸ, ಒಂದು ದಿನ ಆನೆ ಮಾಡಿ ಹಾಸಿಗೆಯ ಮೇಲೆ ಕೂರಿಸಿರುತ್ತಾಳೆ. ಮನೆ ಬಿಟ್ಟು ಎಂಟು ತಿಂಗಳಾಯಿತಂತೆ. ನಮ್ಮತ್ತೆಯದೂ ಇದೇ ಕೆಲಸ ಎಂದೆ. ಅವಳು ಕೇಳಿದ ಮೊದಲ ಪ್ರಶ್ನೆ: “ಅವರಿಗೆ ಬೆನ್ನು ನೋವಿದೆಯಾ?”

ಇದೆ ಅಲ್ಲವೇ ಅತ್ತೆ? ನಾನು ಯಾವತ್ತೂ ಕೇಳಿಲ್ಲ.

ನಿಮ್ಮ,
ಕಾಲುಚೀಲದ ಖಜಾಂಚಿ


ಫೆಬ್ರವರಿ ೨೦, ಬಂದರಿನಿಂದ

ಅತ್ತೆ,

ಅಂಚೆಯ ಚೀಲ ಕಟ್ಟುತ್ತಿದ್ದಾರೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಇವತ್ತು ನಮ್ಮ ಮೊದಲ ಜಗಳ ಆಯಿತು, ಗ್ರಾಚ್ಯುಟಿ ವಿಷಯಕ್ಕೆ! ಇವರು ಗ್ರಾಚ್ಯುಟಿ ಬೇಡ, ಅದನ್ನಾದರೂ ಉಳಿಸೋಣ ಎಂದರು. ನಾನು ಬಿಡಲೇ ಇಲ್ಲ. “ಬೆನ್ನು ಬಗ್ಗಿಸಿ ದುಡಿದವರ ಹಣ ರೀ ಅದು, ಅದರಲ್ಲಿ ಉಳಿಸೋದಾ? ನಿಮ್ಮಮ್ಮ ಇಲ್ಲಿದ್ದಿದ್ರೆ ಮೊದಲು ಅದನ್ನೇ ಕೊಡ್ತಿದ್ರು” ಎಂದೆ. ಇವರ ಬಾಯಿ ಕಟ್ಟಿತು. ಕೌಂಟರಿಗೆ ಹೋಗಿ ಗ್ರಾಚ್ಯುಟಿ ಪೂರ್ತಿ ಕೊಟ್ಟೆವು. ಒಂದು ಕಾಸೂ ಹಿಡಿದುಕೊಳ್ಳಲಿಲ್ಲ. ಎಷ್ಟು ಹಗುರ ಅನ್ನಿಸುತ್ತಿದೆ ಗೊತ್ತಾ! ಹೊರಗೆ ಬಂದು ಇಬ್ಬರೂ ನಕ್ಕೆವು. ಉಳಿದದ್ದೆಲ್ಲ ಬಂದ ಮೇ

(ಚೀಲ ಕಟ್ಟಿಬಿಟ್ಟರು)
ಸೊಸೆ


ಫೆಬ್ರವರಿ ೨೪

ಮಗಳೇ,

ಬೆಳಿಗ್ಗೆ ಊರು ಸೇರಿದೆವೆಂದು ನೀನು ಫೋನು ಮಾಡಿದಾಗ ಹೆಚ್ಚು ಮಾತಾಡಲಿಲ್ಲ, ಕಾಗದ ಹಾಕುತ್ತೇನೆ ಎಂದಷ್ಟೇ ಹೇಳಿದೆ. ಫೋನಿನಲ್ಲಿ ನನ್ನ ದನಿ ಹೇಗೆ ಕೇಳಿಸುತ್ತದೋ ಎಂದು ಹೆದರಿಕೆ ಇತ್ತು. ಕಾಗದಕ್ಕೆ ದನಿ ಇಲ್ಲ.

ಗ್ರಾಚ್ಯುಟಿ ಪೂರ್ತಿ ಕೊಟ್ಟೆವು ಎಂದು ನೀನು ಬರೆದದ್ದು ಮೊನ್ನೆ ಬಂತು. ಬ್ಯಾಂಕಿನಲ್ಲಿ ಕೇಳಿದರೆ ತೆಗೆಯುವಷ್ಟು ಹಣ ಖಾತೆಯಲ್ಲಿಲ್ಲ ಎಂದರು. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ, ಅದನ್ನು ಮೊದಲು ತಿಳಿದುಕೊ. ನಿನಗೆ ಹೇಳದೆ ಇಟ್ಟವಳು ನಾನು. ಅವನನ್ನು ಬೈಯಬೇಡ, ಹೇಳಬಾರದೆಂದು ಅವನಿಂದ ಮಾತು ತೆಗೆದುಕೊಂಡವಳೂ ನಾನೇ.

ಅವನು ಅಲ್ಲಿ ನಿನಗೆ ಎಷ್ಟು ಹೇಳಿದನೋ ಗೊತ್ತಿಲ್ಲ, ಪೂರ್ತಿ ಹೇಳುತ್ತೇನೆ. ಟಿಕೆಟ್ಟು ಲಕ್ಕಿ ಡ್ರಾದ್ದಲ್ಲ. ನಿವೃತ್ತಿಯಾದಾಗ ಆಸ್ಪತ್ರೆಯವರು ಕೊಟ್ಟ ಗ್ರಾಚ್ಯುಟಿಯಲ್ಲಿ ತೆಗೆದದ್ದು. ಅತ್ತೆಯ ಹಣ ಎಂದರೆ ನೀನು ಸಂಕೋಚಪಟ್ಟು ಐಸ್‌ಕ್ರೀಮನ್ನೂ ತಿನ್ನುವುದಿಲ್ಲ ಎನ್ನಿಸಿತು. ಉಳಿದದ್ದು ಅಂಗಡಿಗೆಂದು ನನ್ನ ಖಾತೆಯಲ್ಲಿತ್ತು. ಹಡಗಿನವರು ಭದ್ರತೆಗೆ ಕಾರ್ಡು ಕೇಳಿದಾಗ ಅವನು ಕೊಟ್ಟದ್ದು ನನ್ನ ಕಾರ್ಡು. ಬರೀ ತೋರಿಸುವುದಕ್ಕೆ, ಮುಟ್ಟುವುದಿಲ್ಲ ಎಂದಿದ್ದ. ಅಲ್ಲಿ ಏನು ಕಷ್ಟ ಬಂತೋ, ಯಾಕೆ ಪೂರ್ತಿ ಕೊಡಬೇಕಾಯಿತೋ ನಾನು ಕೇಳುವುದಿಲ್ಲ. ನೀವಿಬ್ಬರೂ ಸುಖವಾಗಿ ಬಂದಿರಿ.

ಅಂಗಡಿಯ ಮಾಲೀಕರಿಗೆ ನಿನ್ನೆ ಹೋಗಿ ನನ್ನಿಂದಾಗುವುದಿಲ್ಲ, ಬೇರೆಯವರಿಗೆ ಕೊಡಿ ಎಂದು ಹೇಳಿದೆ. ಒಬ್ಬ ಝೆರಾಕ್ಸಿನವನು ಕಾಯುತ್ತಿದ್ದನಂತೆ. ಕೊಟ್ಟ ಮುಂಗಡ ವಾಪಸ್ಸು ಬರುವುದಿಲ್ಲ, ಅದು ಮೊದಲೇ ಆದ ಮಾತು. ನಾನು ಬಟ್ಟೆ ಕೋಣೆಗೆ ದಿನಗೂಲಿಗೆ ಹೋಗುತ್ತಿದ್ದೇನೆ. ಯಾರೂ ಏನೂ ಕೇಳಲಿಲ್ಲ. ನನ್ನ ಏಪ್ರನ್ನು ಅದೇ ಮೊಳೆಯಲ್ಲಿತ್ತು.

ನನ್ನ ಮಗ ಅವರಪ್ಪ ಹೋದ ಮೇಲೆ ಮಾತು ಕಡಿಮೆ ಮಾಡಿದವನು. ನಿನ್ನ ಎರಡು ಕಾಗದಗಳಲ್ಲಿ ಅವನು ನಾಲ್ಕು ಸಲ ನಕ್ಕಿದ್ದಾನೆ. ಎಣಿಸಿದೆ. ಆ ಲೆಕ್ಕ ನನಗೆ ಸಾಕು.

ನೀನು ಕೇಳಿದೆಯಲ್ಲ, ಬೆನ್ನು ನೋವಿದೆ. ಇಷ್ಟು ವರ್ಷದಲ್ಲಿ ಕೇಳಿದವಳು ನೀನೊಬ್ಬಳೇ.

ಆಶೀರ್ವಾದಗಳೊಂದಿಗೆ,
ಅತ್ತೆ


ಫೆಬ್ರವರಿ ೨೭, ಬಸ್ಸಿನಲ್ಲಿ

ಅತ್ತೆ,

ನಿಮ್ಮ ಕಾಗದ ಇವತ್ತು ಮಧ್ಯಾಹ್ನ ಬಂತು. ಹತ್ತು ಸಲ ಫೋನು ಮಾಡಿದೆವು. ಬಟ್ಟೆ ಕೋಣೆಯ ಯಂತ್ರಗಳ ಸದ್ದಿನಲ್ಲಿ ನಿಮಗೆ ಕೇಳಿಸಿಲ್ಲ. ನಾನು ಕನ್ನಡಕದ ಅಂಗಡಿಯಿಂದ ಹಾಗೇ ಓಡಿಬಂದೆ. ಇವರು ಯಾವುದೋ ಕಟ್ಟಡದ ಲಿಫ್ಟನ್ನು ಮೂರನೆಯ ಮಹಡಿಯಲ್ಲೇ ಬಿಟ್ಟು ಬಂದಿದ್ದಾರೆ. (ಒಳಗೆ ಯಾರೂ ಇಲ್ಲವಂತೆ, ಎರಡು ಸಲ ಕೇಳಿದೆ.) ಬಸ್ಸು ಕುಲುಕುತ್ತಿದೆ, ಅಕ್ಷರ ಕ್ಷಮಿಸಿ. ಇದನ್ನು ನಾನೇ ನಿಮ್ಮ ಕೈಗೆ ಕೊಡುತ್ತೇನೆ. ಎದುರಿಗೆ ನಿಂತರೆ ನನಗೆ ಬರುವುದು ಅಳು ಮಾತ್ರ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಹಣ ಹೋಗಿಲ್ಲ ಅತ್ತೆ. ಹೋಗಿಲ್ಲ!

ಹಡಗಿನಲ್ಲಿ ಗ್ರಾಚ್ಯುಟಿ ಎಂದರೆ ಭಕ್ಷೀಸು! ಕೋಣೆ ಗುಡಿಸುವವರಿಗೆ, ಊಟ ಬಡಿಸುವವರಿಗೆ ತಲೆಗೆ ದಿನಕ್ಕೆ ಇಷ್ಟು ಎಂದು ಖಾತೆಗೆ ಸೇರಿಸುತ್ತಾರೆ. ಬೇಡವೆಂದರೆ ತೆಗೆಸಬಹುದು. ಇವರು ತೆಗೆಸೋಣ ಎಂದದ್ದು ಅದನ್ನು. ನಾನು ಜಗಳವಾಡಿ ಕೊಡಿಸಿದ್ದು ಅದನ್ನು, ಟವೆಲ್ ಅಕ್ಕನಿಗೆ, ಆ ಕಾಲುಚೀಲದಿಂದಲೇ. ಆ ಪದವನ್ನು ನಾನು ಮೊದಲು ಓದಿದ್ದೇ ಹಡಗಿನ ಚೀಟಿಯಲ್ಲಿ, ಭಕ್ಷೀಸು ಎಂಬ ಅರ್ಥದಲ್ಲಿ. ನಿಮ್ಮ ಆಸ್ಪತ್ರೆಯಲ್ಲಿ ಅದಕ್ಕೆ ಮೂವತ್ತೊಂದು ವರ್ಷದ ಅರ್ಥವಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಆವತ್ತು ಇವರ ಬಾಯಿ ಯಾಕೆ ಕಟ್ಟಿತೆಂದು ಇವತ್ತು ತಿಳಿಯಿತು.

ಕೊನೆಯ ದಿನ ನಿಮ್ಮ ಲಕೋಟೆಯ ಹಣದಿಂದಲೇ ಲೆಕ್ಕ ತೀರಿತು. ಕಾರ್ಡಿನಿಂದ ಒಂದು ಕಾಸೂ ಹೋಗಿಲ್ಲ. ಆದರೆ ಒಂದು ತೊಡಕಿದೆ. ಭದ್ರತೆಗೆಂದು ಅವರು ತಡೆಹಿಡಿದ ಹಣವನ್ನು ಬ್ಯಾಂಕು ಬಿಡುವುದು ಮಾರ್ಚ್ ನಾಲ್ಕಕ್ಕಂತೆ. ನಿಮ್ಮ ಗಡುವು ಮಾರ್ಚ್ ಒಂದು. ಇವರು ಬ್ಯಾಂಕಿನವರೊಂದಿಗೆ ಫೋನಿನಲ್ಲಿ ಕೂಗಾಡಿ ಈಗ ಕಿಟಕಿಗೆ ಹಣೆ ಒತ್ತಿ ಕೂತಿದ್ದಾರೆ.

ಅತ್ತೆ, ನಾನು ನಿಮ್ಮ ಬದುಕಿನ ದುಡಿಮೆಯನ್ನೆಲ್ಲ ಸಮುದ್ರಕ್ಕೆ ಸುರಿದೆ ಎಂದುಕೊಂಡಿರಿ. ಹಾಗೆಂದುಕೊಂಡ ಮೇಲೂ ಬರೆದದ್ದು ಆ ಕಾಗದ. ನಾನಾಗಿದ್ದರೆ ಏನು ಬರೆಯುತ್ತಿದ್ದೆ ಎಂದು ಯೋಚಿಸಿದೆ. ನಾಚಿಕೆಯಾಯಿತು.

ಬಸ್ಸು ಇಳಿದ ಕೂಡಲೇ ಇವರು ಆಸ್ಪತ್ರೆಗೆ ಬರುತ್ತಾರೆ. ನಾನು ನಿಮ್ಮ ಅಂಗಡಿಯ ಮಾಲೀಕರ ಹತ್ತಿರ ಹೋಗುತ್ತೇನೆ.

ನಿಮ್ಮ ಮಗಳು


ಮಾರ್ಚ್ ೮

ಅತ್ತೆ,

ಅಂಗಡಿಯಲ್ಲಿ ಆವತ್ತು ನಡೆದದ್ದನ್ನು ಇವರು ನಿಮಗೆ ಹೇಳಿದರಂತೆ. ಇವರಿಗೆ ಹೇಳಲು ಬರುವುದಿಲ್ಲ, ‘ಹೋದಳು, ಮಾತಾಡಿದಳು, ಆಯಿತು’ ಎಂದಿರುತ್ತಾರೆ. ಪೂರ್ತಿ ಕೇಳಿ.

ನಾನು ಹೋಗುವಷ್ಟರಲ್ಲಿ ಝೆರಾಕ್ಸಣ್ಣ ಬೀಗದ ಕೈ ತೆಗೆದುಕೊಂಡು ಯಂತ್ರ ತಂದಿಟ್ಟಾಗಿತ್ತು. ಮಾಲೀಕರು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ “ನಿಮ್ಮತ್ತೆಯವರೇ ಬೇಡ ಅಂದ್ರಮ್ಮಾ, ನಾನೇನು ಓಡಿಸಿಲ್ಲ” ಎಂದರು. ನಿಜವೇ. ಅವರ ಮೇಲೆ ಸಿಟ್ಟು ಮಾಡಲು ಏನೂ ಸಿಗಲಿಲ್ಲ. ಕನ್ನಡಕದ ಕಾಲು ಸಡಿಲವಾಗಿತ್ತು. ಕೈ ಸುಮ್ಮನಿರಲಾರದೆ ಅದನ್ನು ಈಸಿಕೊಂಡು ಉಗುರಿನಲ್ಲೇ ತಿರುಪು ಬಿಗಿ ಮಾಡಿಕೊಟ್ಟೆ. ಆಮೇಲೆ ಕುರ್ಚಿ ಕೊಟ್ಟರು.

ಕೂತು ನೋಡಿದರೆ, ಅಷ್ಟು ದೊಡ್ಡ ಅಂಗಡಿಯಲ್ಲಿ ಯಂತ್ರ ಒಂದು ಮೂಲೆಯಲ್ಲಿ, ಝೆರಾಕ್ಸಣ್ಣ ಸ್ಟೂಲಿನ ಮೇಲೆ, ಮಿಕ್ಕದ್ದೆಲ್ಲ ಖಾಲಿ.

“ಅಣ್ಣಾ, ಆ ಕಡೆ ಏನಿಡ್ತೀರಾ?” ಎಂದೆ.

“ಏನಿಲ್ಲ. ಗಾಳಿ ಆಡುತ್ತೆ.”

“ಗಾಳಿಗೂ ಬಾಡಿಗೆ ಕಟ್ತೀರಾ?”

ಅವರು ಮಾಲೀಕರ ಮುಖ ನೋಡಿದರು. ಬಾಡಿಗೆ ಭಾರ ಎಂದು ಅವರ ಮನೆಯಲ್ಲೂ ಅದೇ ಜಗಳವಂತೆ. “ಅರ್ಧ ನಮ್ಮತ್ತೆಗೆ ಬಿಡಿ, ಅರ್ಧ ಬಾಡಿಗೆ ನಿಮ್ಮ ತಲೆಯಿಂದ ಇಳಿಯುತ್ತೆ” ಎಂದೆ.

“ಇಸ್ತ್ರಿ ಹಬೆ ನನ್ನ ಕಾಗದಕ್ಕೆ ತಾಗಿದ್ರೆ?”

“ನಡುವೆ ಪರದೆ ಕಟ್ಟೋಣ.”

“ಜೋರು ಬಾಯಿಯವರಾ ನಿಮ್ಮತ್ತೆ?”

“ಇಲ್ಲಣ್ಣ. ಜೋರು ಬಾಯಿ ನಂದು, ನಾನು ಭಾನುವಾರ ಮಾತ್ರ ಬರ್ತೀನಿ.”

ಅವರು ನಕ್ಕರು. ನಾನು ಲಕೋಟೆಗಳಲ್ಲಿ ಉಳಿದಿದ್ದ ಹಣವನ್ನು ಮೇಜಿನ ಮೇಲಿಟ್ಟು, ಇದನ್ನು ಹಿಡಿಯಿರಿ, ಬಾಕಿ ನಾಲ್ಕನೇ ತಾರೀಖು ಎಂದೆ. ಮಾಲೀಕರು ಅದನ್ನು ಎಣಿಸದೆ ನಿಮ್ಮ ಹಳೆಯ ಮುಂಗಡದ ಚೀಟಿ ಹುಡುಕಿ, ಹೊಡೆದುಹಾಕಿದ್ದ ಗೆರೆಯ ಮೇಲೆ ‘ಸರಿ’ ಎಂದು ಬರೆದು ಸಹಿ ಮಾಡಿದರು. ನೀವು ಆಸ್ಪತ್ರೆಯಲ್ಲಿ ಅವರ ಹೆಂಡತಿಗೆ ಒಮ್ಮೆ ಹೆಚ್ಚಿನ ಹೊದಿಕೆ ಕೊಟ್ಟಿದ್ದಿರಂತೆ. ನಿಮಗೆ ನೆನಪಿದೆಯಾ? ಅವರಿಗಿದೆ.

ಪೂರ್ತಿ ಅಂಗಡಿ ಆಗಬೇಕಿತ್ತು, ಅರ್ಧವಾಯಿತು. ಆ ಅರ್ಧ ಹೋದದ್ದು ನನ್ನ ಅವಸರದ ಕಾಗದದಿಂದ. ನೀವು ಆವತ್ತು “ಅರ್ಧ ಗುಡಿಸೋದು ಸುಲಭ ಕಣಮ್ಮ” ಎಂದು ನನ್ನ ಕಣ್ಣು ಒರೆಸಿದಿರಿ. ಸೋಪು, ಹಬೆ, ಬಿಸಿಬಟ್ಟೆ ಎಲ್ಲದರ ವಾಸನೆಯೂ ನಿಮ್ಮ ಸೆರಗಿನಲ್ಲಿತ್ತು. ಅದೊಂದಕ್ಕೆ ಥ್ಯಾಂಕ್ಸ್ ಹೇಳುವುದು ಹೇಗೆಂದು ಇನ್ನೂ ಹೊಳೆದಿಲ್ಲ.

ನಿಮ್ಮ,
ಭಾನುವಾರದ ಜೋರು ಬಾಯಿ


ಏಪ್ರಿಲ್ ೩

ಮಗಳೇ,

ಅಂಗಡಿ ತೆಗೆದು ಮೂರು ದಿನ. ಮೊದಲ ದಿನ ನೀನು ರಜೆ ಹಾಕಿ ಬಂದು ಹೋದ ಮೇಲೆ ಅಂಗಡಿ ತುಂಬಾ ಸುಮ್ಮನಾಯಿತು. ಝೆರಾಕ್ಸಣ್ಣನೂ ಹಾಗೇ ಅಂದರು. ಅವರ ಕಾಗದವೂ ಬಿಸಿಬಿಸಿ ಬರುತ್ತದೆ, ನನ್ನ ಬಟ್ಟೆಯೂ ಬಿಸಿಬಿಸಿ. ಪರದೆ ಕಟ್ಟಿದ್ದೆವು, ಸೆಕೆ ಎಂದು ಇಬ್ಬರೂ ಸೇರಿ ತೆಗೆದೆವು.

ಒಂದು ವಿಷಯ ನಿನಗೆ ಮಾತ್ರ ಹೇಳುತ್ತೇನೆ. ನಿನ್ನೆ ಒಬ್ಬ ಹೆಂಗಸು ಬಂದಳು. ತಾಯಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗುವವಳು, ಅವರಿಗೆ ಉಡಿಸಲು ಒಂದು ಸೀರೆ ಇಸ್ತ್ರಿ ಮಾಡಿಕೊಡಿ ಎಂದಳು. ಮಾಡಿದೆ. ಎಷ್ಟು ಎಂದಳು. ಮೂವತ್ತೊಂದು ವರ್ಷ ತಿಂಗಳ ಕೊನೆಗೆ ಅವರು ಕೊಟ್ಟದ್ದನ್ನು ತೆಗೆದುಕೊಂಡವಳು, ನನ್ನ ಕೆಲಸಕ್ಕೆ ನಾನೇ ಬೆಲೆ ಹೇಳಿದವಳಲ್ಲ. ಝೆರಾಕ್ಸಣ್ಣ ಆ ಕಡೆಯಿಂದ ಬೆರಳು ತೋರಿಸುತ್ತಿದ್ದರು. ಅವರು ಹೇಳಿದ್ದಕ್ಕಿಂತ ಒಂದು ಬೆರಳು ಕಡಿಮೆ ಹೇಳಿದೆ.

ಅವಳು ಹಣ ಕೊಟ್ಟು, ಸೀರೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು, “ತುಂಬಾ ಉಪಕಾರ ಆಯ್ತಮ್ಮ” ಎಂದಳು.

ಒಳಗಿನ ಕೋಣೆಯಲ್ಲಿ ಕೂತು ಮಡಚುವವರಿಗೆ ಯಾರೂ ಬಂದು ಹಾಗೆ ಹೇಳುವುದಿಲ್ಲ. “ಹುಷಾರಾಗಿ ಕರ್ಕೊಂಡು ಹೋಗಮ್ಮ” ಎಂದೆ. ಅವಳು ರಸ್ತೆ ದಾಟುವವರೆಗೂ ನೋಡುತ್ತಾ ನಿಂತೆ. ಇಸ್ತ್ರಿಪೆಟ್ಟಿಗೆ ಆರಿಸುವುದನ್ನೂ ಮರೆತಿದ್ದೆ.

ಅತ್ತೆ